ಗೇಟಿನಲ್ಲಿ ಇಡಬೇಕಿದ್ದ ಬಾಟಲಿ

ಕಳೆದ ವಾರ ರಿಕ್ಷಾದ ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಲು ಕೊಟ್ಟಿದ್ದೆ. ಸೀಟು ಬಿಚ್ಚಿದಾಗ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಮೂಗಿನ ಹತ್ತಿರ ತಂದರೆ ಹುಳಿ ವಾಸನೆ... ಗಂಜಿಯ ತಿಳಿನೀರಿನದು. ಅದು ಅಕ್ಕನ ಬಾಟಲಿ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಸುರತ್ಕಲ್ ದಾಟಿ ಹೋದರೆ ಗಾಳಿಮರಗಳ ಹಿಂದೆ ಒಂದು ಕಡಲತೀರವಿದೆ. ಅಂಗಡಿ, ಹೋಟೆಲು ಏನೂ ಇಲ್ಲ. ಚಿಕ್ಕವರಿದ್ದಾಗ ಅಕ್ಕ ನನ್ನನ್ನು ಅಲ್ಲಿಗೆ ಮರುವಾಯಿ ಚಿಪ್ಪು ಹೆಕ್ಕಲು ಕರೆದೊಯ್ಯುತ್ತಿದ್ದಳು. ನನಗೆ ನೀರೆಂದರೆ ಹೆದರಿಕೆ. ಅವಳು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ನನ್ನ ಅಂಗಿಯ ಕಾಲರ್ ಹಿಡಿದು ನಿಲ್ಲುತ್ತಿದ್ದಳು. ಈಗ ಅಲ್ಲಿಗೆ ಬೇಲಿ, ಗೇಟು. ಆಮೆಗಳು ಮೊಟ್ಟೆಯಿಡುವ ತೀರವೆಂದು ಕಾಯುತ್ತಾರೆ.

ಕಾಯಿಲೆ ಬಿದ್ದ ಮೇಲೆ ಅಕ್ಕ ಕೇಳಿದ್ದು ಅದೊಂದನ್ನೇ, ಒಮ್ಮೆ ಅಲ್ಲಿಗೆ ಹೋಗಿಬರಬೇಕೆಂದು. ಇವತ್ತು ಬಾಡಿಗೆ ಉಂಟು, ನಾಳೆ ಮಳೆ ಬರ್ತದೆ ಎಂದು ದೂಡುತ್ತಾ ಬಂದೆ. ಕೊನೆಗೊಂದು ಸಂಜೆ ಪಡೀಲಿನ ಮನೆಯಿಂದ ಹೊರಟೆವು.

ಗೇಟಿನ ಕಾವಲಿನವ ತಡೆದ. "ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡುದಿಲ್ಲ ಮಾರಾಯ್ರೆ. ಇಲ್ಲಿ ಇಟ್ಟು ಹೋಗಿ, ಬರುವಾಗ ಕೊಡ್ತೇನೆ."

"ಹುಷಾರಿಲ್ಲದವಳು. ಗಂಟಲು ಒಣಗಿದ್ರೆ ನೀನು ಬರ್ತೀಯಾ ಕುಡಿಸ್ಲಿಕ್ಕೆ?" ಎಂದೆ.

"ರೂಲ್ಸ್ ನಾನು ಮಾಡಿದ್ದಲ್ಲ."

ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಅಕ್ಕ ರಿಕ್ಷಾದೊಳಗೇ ಮುಚ್ಚಳ ತೆಗೆದು ಗಟಗಟ ಕುಡಿಯತೊಡಗಿದ್ದಳು. ಎರಡು ಗುಟುಕಿಗೇ ಸುಸ್ತಾಗುತ್ತಿದ್ದವಳು. "ಖಾಲಿ ಮಾಡ್ತೇನೆ ಮಾರಾಯ, ನೀನು ಸುಮ್ಮನಿರು," ಎಂದಳು.

ನಾನು ಬಾಟಲಿ ಕಿತ್ತುಕೊಂಡು ಸೀಟಿನ ಹಿಂದಿನ ಸಂದಿಗೆ ಎಸೆದೆ. ರಿಕ್ಷಾ ತಿರುಗಿಸಿದೆ.

ಅವಳು ಮರಗಳ ಕಡೆಗೆ ಕತ್ತು ತಿರುಗಿಸಿ ಕೂತಿದ್ದಳು, ಅವು ಮರೆಯಾಗುವ ತನಕ... ಮಳೆಗಾಲ ಹಿಡಿಯುವ ಮೊದಲೇ ಹೋಗಿಬಿಟ್ಟಳು. ಗೇಟಿನವನು ಬಿಡಲಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ನಿಜ ಅದಲ್ಲ. ಮರಳಿನಲ್ಲಿ ಅವಳನ್ನು ಹಿಡಿದು ನಡೆಸುವುದು ಯಾರಿಗೆ ಬೇಕೆಂದು ಹೊರಡುವಾಗಲೇ ನನಗೆ ಬೇಸರವಿತ್ತು. ಜಗಳ ಸಿಕ್ಕಿದ್ದು ಅನುಕೂಲವೇ ಆಯಿತು.

ನಿನ್ನೆ ಒಬ್ಬನೇ ಹೋದೆ. ಕಾವಲಿಗೆ ಬೇರೆಯವನಿದ್ದ. ಹೇಳುವ ಮೊದಲೇ ಬಾಟಲಿಯನ್ನು ಅವನ ಕುರ್ಚಿಯ ಪಕ್ಕದಲ್ಲಿಟ್ಟೆ. ಗಾಳಿಮರಗಳ ನಡುವೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಕಡಲು ಕಂಡಿತು. ಅಷ್ಟೇ ದೂರ. ದಾರಿಯೂ ಗಟ್ಟಿ ಮಣ್ಣಿನದು. ಅವಳು ನನ್ನ ಕೈ ಹಿಡಿಯದೆಯೂ ನಡೆಯುತ್ತಿದ್ದಳೇನೋ...

ನೀರಿನ ಹತ್ತಿರ ಹೋಗಲು ನನ್ನಿಂದಾಗಲಿಲ್ಲ.

ಹಿಂದಿರುಗಿದಾಗ ಅವನು ಬಾಟಲಿ ಎತ್ತಿಕೊಟ್ಟ. "ಖಾಲಿ ಅಲ್ವಾ ಇದು? ಇಷ್ಟು ದೂರ ಎಂತಕ್ಕೆ ಹೊತ್ತುಕೊಂಡು ಬಂದ್ರಿ?"

ಅವನ ಮೇಲೂ ಸಿಟ್ಟು ಬಂತು. ಈ ಸಲ ಜಗಳಕ್ಕೆ ನಿಲ್ಲದೆ ಬಾಟಲಿಯನ್ನು ಹಿಂದಿನ ಸೀಟಿನ ಮೇಲಿಟ್ಟು ರಿಕ್ಷಾ ತಿರುಗಿಸಿದೆ.