ಗಿಟಾರು ತಟ್ಟಿ ನೋಡುವ ಮಾಬ್ಲೇಶ್ವರ

ಹೊನ್ನಾವರದಲ್ಲಿ ಶರಾವತಿಯ ದಡಕ್ಕೆ ತಾಗಿ ತಗಡು ಹೊದೆಸಿದ ಒಂದು ಶೆಡ್ಡಿದೆ. ಮೊದಲು ಅಲ್ಲಿಗೆ ಮರದ ದೋಣಿಗಳು ರಿಪೇರಿಗೆ ಬರುತ್ತಿದ್ದವು. ಫೈಬರ್ ದೋಣಿಗಳು ಬಂದ ಮೇಲೆ ಹಲಗೆ ಕೂಡಿಸುವ ಕೆಲಸ ಇಳಿಯಿತು. ಈಗ ಅದೇ ಶೆಡ್ಡಿನ ತೊಲೆಯಿಂದ ಹಳೆಯ ಗಿಟಾರುಗಳು ನೇತಾಡುತ್ತವೆ. ಗೋಕರ್ಣದ ಕಡಲಂಚಿನಲ್ಲಿ ಪ್ರವಾಸಿಗರು ಬಿಟ್ಟುಹೋದವು, ಹೊನ್ನಾವರದ ಚರ್ಚಿನಲ್ಲಿ ಹಾಡುವವರು ಸವೆಸಿದವು, ಭಟ್ಕಳದ ಪಕ್ಕದ ಜಾಲಿಯ ಮನೆಗಳಲ್ಲಿ ದುಬೈಯಿಂದ ಬಂದು ಕಪಾಟಿನ ಮೇಲೆ ಧೂಳು ತಿಂದವು. ಅವನ್ನು ಸರಿಮಾಡುವ ಮಾಬ್ಲೇಶ್ವರ ಆಚಾರಿಯವರಿಗೆ ಅರವತ್ತೆರಡು ವರ್ಷ. ಒಂದು ಹಾಡನ್ನೂ ನುಡಿಸಲು ಬರುವುದಿಲ್ಲ.

"ನುಡ್ಸೂಕೆ ಬರದವ ಗಿಟಾರು ನೋಡೂದು ಎಂತದಾ?" ಎಂದು ಯಾರಾದರೂ ಕೆಣಕಿದರೆ ಅವರ ಉತ್ತರ ಸಿದ್ಧ. "ನಾ ಸಮುದ್ರಕ್ಕೂ ಹೋದವ ಅಲ್ಲ ಮಾರಾಯ. ನಾ ಕಟ್ಟಿದ ದೋಣಿ ಹೋಗಿ ಬರ್ಲಿಲ್ವ?"

ನಮ್ಮ ಜನ ಹಳೆಯ ಗಿಟಾರು ಕೊಳ್ಳುವಾಗ ನೋಡುವುದು ಹೊಳಪನ್ನು. ಬಿರುಕಿಗೆ ಮೇಣ ತುಂಬಿ, ಮೇಲೆ ವಾರ್ನಿಶ್ ಎಳೆದು, ಮೊಬೈಲಿನಲ್ಲಿ 'ಹೊಚ್ಚ ಹೊಸದರ ಹಾಗಿದೆ' ಎಂದು ಫೋಟೊ ಹಾಕುವ ಕಳ್ಳರಿಗೆ ಅದರಿಂದಲೇ ಅನ್ನ. ಬಿಡುವಾದಾಗಲೆಲ್ಲ ಆ ಶೆಡ್ಡಿಗೆ ಹೋಗಿ ಕೂರುವ ನನಗೆ ಕಳ್ಳರ ಮೇಲೆ ಎಷ್ಟು ಸಿಟ್ಟಿದೆಯೋ ಗಿರಾಕಿಗಳ ಮೇಲೂ ಅಷ್ಟೇ ಇದೆ. ಹೆಣ್ಣು ನೋಡಲು ಹೋಗಿ ಬಣ್ಣ ನೋಡಿ ಬರುವ ಮಂದಿ, ಗಿಟಾರಿನಲ್ಲಿ ಬೇರೆ ಏನು ನೋಡಿಯಾರು!

ಮಾಬ್ಲೇಶ್ವರ ನೋಡುವ ರೀತಿಯೇ ಬೇರೆ. ಮೊದಲು ತಂತಿ ಮುಟ್ಟುವುದಿಲ್ಲ. ದೋಣಿಯ ಹುಟ್ಟು ನೇರವಿದೆಯೇ ಎಂದು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸುತ್ತಾರೆ. ತಂತಿಗಳನ್ನು ಕೆಳಗೆ ಹಿಡಿದಿಡುವ ಬ್ರಿಡ್ಜಿನ ಅಡಿಗೆ ಹಳೆಯ ಲಗ್ನಪತ್ರಿಕೆಯ ಚೂರು ತುರುಕುತ್ತಾರೆ. ಕಾಗದ ಒಳಗೆ ಹೋಯಿತೋ, ಅಂಟು ಬಿಟ್ಟಿದೆ. ನಡುವಿನ ತೂತಿನ ಅಂಚಿನಲ್ಲಿ ಮರದ ಗೆರೆ ಹಾಗೇ ಕೆಳಗಿಳಿದಿದ್ದರೆ ಇಡೀ ಹಲಗೆ, ಪದರಗಳು ಕಂಡರೆ ಪ್ಲೈವುಡ್. ಆಮೇಲೆ ಬೆರಳ ಗೆಣ್ಣಿನಿಂದ ಹೊಟ್ಟೆಯ ಮೇಲೆಲ್ಲ ತಟ್ಟುತ್ತಾರೆ. ಒಳಗಿನ ಆಧಾರಪಟ್ಟಿ ಸಡಿಲಾಗಿದ್ದರೆ ಅಲ್ಲಿ ಸದ್ದು ಒಡೆಯುತ್ತದೆ. ಕೊನೆಗೆ ಒಂದೇ ಒಂದು ತಂತಿ ಮೀಟಿ, ಅದು ಪೂರ್ತಿ ಆರುವ ತನಕ ಕಣ್ಣು ಮುಚ್ಚಿ ಕೂರುತ್ತಾರೆ.

ಗೀರುಗಳಿಗೆ ಅವರ ಲೆಕ್ಕದಲ್ಲಿ ಜಾಗವಿಲ್ಲ. ಬೆರಳಾಡಿ ಸವೆದ ಗುರುತು ಕಂಡರೆ ಮುಖ ಅರಳುತ್ತದೆ. "ಇದ್ನ ಯಾರೋ ಬಿಡ್ದೆ ನುಡ್ಸಿದ್ರು. ಕೆಟ್ಟದ್ನ ಅಷ್ಟು ವರ್ಷ ಯಾರು ನುಡ್ಸ್ತ್ರು?"

ಈ ವಿದ್ಯೆಯನ್ನು ಅವರಿಂದ ಪೂರ್ತಿ ಕಲಿತವಳು ಅಘನಾಶಿನಿಯ ಸುಶ್ಮಿತಾ. ಕುಮಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ; ಗಿಟಾರು ನುಡಿಸಲು ಮೊದಲೇ ಬರುತ್ತಿತ್ತು. ರಜೆಯ ದಿನ ಬಸ್ಸು ಹತ್ತಿ ಬಂದು ಶೆಡ್ಡಿನಲ್ಲಿ ಕೂತು ನೋಡಿದಳು, ತಟ್ಟಿದಳು, ಕೇಳಿದಳು. ಕೊನೆಗೊಂದು ದಿನ ಒಬ್ಬಳೇ ಜಾಲಿಗೆ ಹೋಗಿ, ತನ್ನ ಕಿವಿಯನ್ನೇ ನಂಬಿ, ಗೀರು ಬಿದ್ದ ಗಿಟಾರೊಂದನ್ನು ಆರಿಸಿ ತಂದಳು. ಮಾಬ್ಲೇಶ್ವರ ತಟ್ಟಿ ನೋಡಿ "ಆತು" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಈ ಮಳೆಗಾಲ ಹೊನ್ನಾವರದ ಶಾಲೆಯೊಂದು ಅವಳನ್ನು ಕರೆಯಿತು. ಮಕ್ಕಳಿಗೆ ಗಿಟಾರು ಕಲಿಸಬೇಕು, ಅವರಿಗಾಗಿ ಎಂಟು ಹಳೆಯ ಗಿಟಾರು ಆರಿಸಿಯೂ ಕೊಡಬೇಕು. ಅದೇ ವಾರ ಅವಳು ತನ್ನ ಗಿಟಾರು ಹೊತ್ತು ಶೆಡ್ಡಿಗೆ ಬಂದಳು. ಮುಖ ಬಾಡಿತ್ತು.

"ಮಾಬ್ಲ ಮಾವ, ಇದ್ರ ಸ್ವರ ಸತ್ತೋಯ್ತು. ನಾ ಆರ್ಸಿದ್ದೇ ತಪ್ಪು. ನಂಗೆ ಒಂದು ಆರ್ಸೂಕೆ ಬರ್ಲಿಲ್ಲ, ಮಕ್ಳಿಗೆ ಎಂಟು ಆರ್ಸೂದು ಹೇಗೆ? ಶಾಲೆಯವ್ರಿಗೆ ಆಗೂದಿಲ್ಲ ಹೇಳ್ಬಿಡ್ತೆ."

"ಆಯ್ತವಾರದ ತನಕ ಬಾಯಿ ಮುಚ್ಕಂಡಿರು ತಂಗಿ. ಗಿಟಾರು ಇಟ್ಟು ಹೋಗು."

ಅವಳು ಹೋದ ಮೇಲೆ ಮಾಬ್ಲೇಶ್ವರ ತೂತಿನೊಳಗೆ ಚಿಕ್ಕ ಕನ್ನಡಿ ಇಳಿಸಿ ಟಾರ್ಚು ಬಿಟ್ಟರು. ಒಳಗೆಲ್ಲ ಕಪ್ಪಗೆ ಮಿರಮಿರ. ಮೂಸಿದರು. ಗೇರೆಣ್ಣೆ! ಮರ ನೀರು ಕುಡಿಯದಿರಲಿ ಎಂದು ಮಳೆಗಾಲಕ್ಕೆ ಮುಂಚೆ ದೋಣಿಗೆ ಬಳಿಯುವ, ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಒಣಗಿ ಗಟ್ಟಿ ಪೊರೆಯಾಗಿತ್ತು. ತೆಳು ಹಲಗೆ ಇನ್ನು ನಡುಗುವುದೆಲ್ಲಿಂದ?

ಸುಶ್ಮಿತಾಳ ಅಪ್ಪ ವೆಂಕ್ಟ್ರಮಣ ಚಿಕ್ಕ ದೋಣಿಯಲ್ಲಿ ಮೀನು ಹಿಡಿಯುವವರು. ಮಾಬ್ಲೇಶ್ವರರ ಫೋನು ಹೋದದ್ದೇ ಮರುದಿನ ಬಂದು ತಲೆ ತಗ್ಗಿಸಿ ಕೂತರು.

"ಹೊರಗೆ ಪಾಲಿಶ್ ಇತ್ತಲ, ಅದ್ಕೆ ಮುಟ್ಲಿಲ್ಲ. ಒಳಗೆ ನೋಡ್ದೆ, ಬರೀ ಮರ. ಮಳೆ ಬಂತು ಅಂದ್ರೆ ಹಾಳಾಗ್ತದೆ ಅಂದ್ಕಂಡೆ. ಅವ್ಳು ಕೆಲ್ಸಕ್ಕೆ ಹೋದಾಗ ಕೋಲಿಗೆ ಬಟ್ಟೆ ಕಟ್ಟಿ ಎರಡು ಕೋಟು ಹೊಡ್ದೆ."

"ಎರಡು!"

"ದೋಣಿಗೆ ಮೂರು ಹೊಡಿತ್ರಪ್ಪ."

ಮಾಬ್ಲೇಶ್ವರರಿಗೂ ನನಗೂ ನಗು ತಡೆಯಲಾಗಲಿಲ್ಲ. ಆದರೆ ವೆಂಕ್ಟ್ರಮಣ ನಗಲಿಲ್ಲ. "ಅವ್ಳಿಗೆ ಹೇಳ್ಬೇಡ ಮಾಬ್ಲಣ್ಣ. ಹಳೇದು, ಮೊದ್ಲೇ ಕೆಟ್ಟಿತ್ತು ಅಂದ್ಬಿಡು. ನಿಂಗೆ ಹೋಗೂದೆಂತ?"

ಪಕ್ಕದ ಸ್ಟೂಲಿನಲ್ಲಿದ್ದ ನಾನೂ ಹೌದೆಂದೆ. ಹೇಗೂ ಗಿಟಾರು ಹೋಯಿತು, ಅಪ್ಪ-ಮಗಳಾದರೂ ಚೆನ್ನಾಗಿರಲಿ ಎಂದು.

ಮಾಬ್ಲೇಶ್ವರ ಇಬ್ಬರನ್ನೂ ನೋಡಿದರು. "ನಂಗೆ ಹೋಗೂದು ಎಂತದೂ ಇಲ್ಲ. ಅವ್ಳ ಕಿವಿ ಹೋಗ್ತದೆ. ಗಿಟಾರು ಇನ್ನೊಂದು ಸಿಕ್ಕೀತು. ಸರಿ ಕೇಳಿದ ಕಿವಿಗೆ 'ನೀ ತಪ್ಪು ಕೇಳ್ದೆ' ಅಂದ್ರೆ, ಅದ್ನ ಮತ್ತೆ ಯಾವ ಆಚಾರಿ ರಿಪೇರಿ ಮಾಡ್ತ?"

ಮನೆಯ ನೆಮ್ಮದಿ ಕೆಡಬಾರದೆಂದು ನಾವು ಹೇಳುವ ಸಣ್ಣ ಸುಳ್ಳುಗಳ ಬೆಲೆ ತೆರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. 'ನಿನಗೇ ಗೊತ್ತಾಗಲಿಲ್ಲ' ಎನ್ನುವುದನ್ನು ಕೇಳಿ ಕೇಳಿ, ಕೊನೆಗೆ ತಮಗೆ ಗೊತ್ತಿರುವುದನ್ನೂ ಅವರು ನಂಬದಾಗುತ್ತಾರೆ. ಇದು ಪುಸ್ತಕ ಓದಿದ ನನಗೆ ಹೊಳೆಯಲಿಲ್ಲ, ಹಲಗೆ ತಟ್ಟಿದವರಿಗೆ ಹೊಳೆಯಿತು.

"ಹೇಳೂದು ನೀನೆ ವೆಂಕ್ಟ್ರಮಣ. ಆಯ್ತವಾರ ಕರ್ಕಂಡು ಬಾ. ನಾ ಬಾಜೂಕೆ ಇರ್ತೆ."

ಭಾನುವಾರ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ವೆಂಕ್ಟ್ರಮಣ ಬಸ್ಸಿನ ರಶ್ಶಿನ ಸುದ್ದಿ ಹೇಳಿದರು, ಮೀನು ಬೀಳದ ಸುದ್ದಿ ಹೇಳಿದರು.

"ಮೀನು ಆತು. ಮುಂದಿಂದು ಹೇಳು" ಎಂದರು ಮಾಬ್ಲೇಶ್ವರ.

ಹೇಳಿದರು. ಸುಶ್ಮಿತಾ ಅಪ್ಪನನ್ನೇ ನೋಡಿದಳು. "ಒಳಗೆ? ಗೇರೆಣ್ಣೆ? ಅಪ್ಪಾ, ಒಂದು ಮಾತು ಕೇಳೂಕೆ ನಿಂಗೆ ಬಾಯಿ ಇರ್ಲಿಲ್ವ!" ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವಳು ಮಾಬ್ಲೇಶ್ವರರ ಕಡೆ ತಿರುಗಿದಳು.

"ಅಂದ್ರೆ ಮೊದ್ಲು ಚಲೋ ಇತ್ತು?"

"ಚಲೋ ಇತ್ತು."

"ನಾ ಕೇಳಿದ್ದು ಸರಿ ಇತ್ತು?"

"ಸರಿ ಇತ್ತು ತಂಗಿ. ನಾನೂ ಕೇಳಿದ್ನಲ."

ಅವಳು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಅಪ್ಪನೊಡನೆ ಮಾತಿಲ್ಲ. ಮಾಬ್ಲೇಶ್ವರ ಶಾಲೆಗೆಂದು ತೆಗೆದಿಟ್ಟಿದ್ದ ಮೂರು ಗಿಟಾರುಗಳು ತೊಲೆಯಲ್ಲಿದ್ದವು. ಮೊದಲನೆಯದನ್ನು ಇಳಿಸಿ, ತಟ್ಟಿ, ಮೀಟಿ, ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಕುತ್ತಿಗೆಯ ನಡುವೆ ಒತ್ತಿ ಮೀಟಿದವಳು ಹುಬ್ಬು ಗಂಟಿಕ್ಕಿದಳು.

"ಮಾವ, ಇದು ಬೇಡ. ಇಲ್ಲಿ ಒತ್ತಿದ್ರೆ ತಂತಿ ಗರ್ ಅಂತದೆ."

"ಎಲ್ಲಿ? ನಾ ನೋಡಿ ಇಟ್ಟದ್ದು."

"ಕೇಳಿ."

ಮಾಬ್ಲೇಶ್ವರ ಕಿವಿಯನ್ನು ಮರಕ್ಕೆ ಹಚ್ಚಿ ಕೇಳಿದರು. ಇನ್ನೊಮ್ಮೆ ಮೀಟಿಸಿದರು. ಮತ್ತೊಮ್ಮೆ. ಆಮೇಲೆ ಎದ್ದು ಹೋಗಿ ಆ ಗಿಟಾರನ್ನು ರಿಪೇರಿಯ ಸಾಲಿಗೆ ನೇತುಹಾಕಿದರು.

"ಹೌದು, ಗರ್ ಅಂತದೆ. ನಂಗೆ ಕೇಳ್ಳೇ ಇಲ್ಲ." ಸೋತದ್ದನ್ನು ಇಷ್ಟು ಖುಷಿಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. "ಕೇಳ್ತ ವೆಂಕ್ಟ್ರಮಣ?"

"ನಂಗೆ ಎಂತ ಕೇಳ್ತದೆ ಮಾರಾಯ, ಮಳೆ ಒಂದೇ."

ಸುಶ್ಮಿತಾ ತಲೆಯೆತ್ತಲಿಲ್ಲ. "ಅಪ್ಪಾ, ಆ ಮೂರ್ನೇದು ಇಳ್ಸಿ ಕೊಡು" ಎಂದಳು.

ವೆಂಕ್ಟ್ರಮಣ ಲುಂಗಿಗೆ ಎರಡೂ ಕೈ ಒರೆಸಿಕೊಂಡು ಎದ್ದರು.