ದೊಡ್ಡ ಪರದೆಯ ವಿರಳ ಚುಕ್ಕೆಗಳು

“ಪರದೆ ದೊಡ್ಡದಿದ್ದಷ್ಟೂ ಆಟ ಸ್ಪಷ್ಟ” ಎಂದು ಎಲ್ಲರೂ ಹೇಳುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಗುಲಬರ್ಗಾದ ಕಂಪ್ಯೂಟರ್ ಮಾರುವ ಅಂಗಡಿಯೊಂದರಲ್ಲಿ ನನ್ನ ಮಗಳು ಶಾಂತಾ ಅದೇ ಮಾತನ್ನು ನಂಬಿ ಹದಿನೈದು ಇಂಚಿನ ಮಾನಿಟರನ್ನು ಕಟ್ಟಿಸುವುದರಲ್ಲಿದ್ದಳು. ಅಫಜಲಪುರದಲ್ಲಿ ಅವಳು ತೆರೆಯಲಿದ್ದ ಕಂಪ್ಯೂಟರ್ ಆಟದ ಅಂಗಡಿಗೆ ಒಂದೇ ಪರದೆ ಕೊಳ್ಳುವ ಶಕ್ತಿಯಿತ್ತು; ಒಯ್ದ ಮಾಲನ್ನು ಮರಳಿ ಪಡೆಯುವುದಿಲ್ಲವೆಂದು ಗುಲಬರ್ಗಾದ ಅಂಗಡಿಯ ಮಾಲೀಕರು ಎಚ್ಚರಿಸಿದ್ದರು.

ಗಡಿಯಾರ ರಿಪೇರಿಯವನಾದ ನಾನು ಜೇಬಿನಲ್ಲಿದ್ದ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಯ ಮೇಲೆ ಬಾಗಿದೆ.

“ಯಜಮಾನ್ರ, ಇದೇನು ಕೈಗಡಿಯಾರ ಏನ್ರಿ?” ಎಂದು ಮಾಲೀಕರು ಸಿಡುಕಿದರು.

“ಅಪ್ಪಾ, ಮಂದಿ ನಗಾಕತ್ತಾರ, ಏಳ್ರಿ,” ಎಂದಳು ಶಾಂತಾ.

ನಾನು ಏಳಲಿಲ್ಲ. ದೊಡ್ಡದರಲ್ಲಿ ಚಿತ್ರ ಮೂಡಿಸುವ ಬಣ್ಣದ ಚುಕ್ಕೆಗಳು ವಿರಳವಾಗಿದ್ದವು. ಪಕ್ಕದ ಹದಿನಾಲ್ಕು ಇಂಚಿನದರಲ್ಲಿ ಒತ್ತೊತ್ತಾಗಿದ್ದವು. ಪಟ್ಟುಹಿಡಿದು ಎರಡರಲ್ಲೂ ಕಾರು ಓಟದ ಒಂದೇ ಆಟ ಹಾಕಿಸಿದೆ. ದೂರದಲ್ಲಿ ಓಡುವ ಎರಡು ಕಾರುಗಳು ದೊಡ್ಡದರಲ್ಲಿ ಒಂದೇ ಮಬ್ಬು ಕಲೆಯಾಗಿದ್ದವು. ಚಿಕ್ಕದರಲ್ಲಿ ಬೇರೆ ಬೇರೆಯಾಗಿ ಕಂಡವು. ಶಾಂತಾ ಹತ್ತಿರ ಬಂದು ಬಹಳ ಹೊತ್ತು ನೋಡಿ, “ಸಣ್ಣದನ್ನ ಕಟ್ರಿ,” ಎಂದಳು.

ಎರಡೂ ಮಾನಿಟರುಗಳ ವಿವರಪತ್ರಗಳನ್ನು ಅಂದು ಕೇಳಿ ತಂದಿದ್ದೆ; ಇಂದಿಗೂ ನನ್ನಲ್ಲಿವೆ. ಚುಕ್ಕೆಗಳ ನಡುವಿನ ಅಂತರ ದೊಡ್ಡದಕ್ಕೆ 0.39 ಮಿ.ಮೀ., ಚಿಕ್ಕದಕ್ಕೆ 0.28 ಎಂದು ಅಚ್ಚಾಗಿದೆ. ಯಾರು ಬೇಕಾದರೂ ಬಂದು ಓದಬಹುದು. ನನ್ನ ಮಾತನ್ನೂ ನಂಬಬೇಕಿಲ್ಲ.