ಎರಡು ಉಡಿ, ಒಂದು ಕೂಸು

ತಮಾಷೆಗೆ ಆಡಿದ ಮಾತನ್ನು ಕೊಟ್ಟ ಮಾತು ಮಾಡಿಕೊಳ್ಳುವುದರಲ್ಲಿ ನಮ್ಮ ಕಡೆಯ ಹಿರಿಯರನ್ನು ಮೀರಿಸುವವರಿಲ್ಲ. ನನ್ನ ಅಕ್ಕನ ಮಗಳ ಕುಬಸ ಜುಗೂಳದಲ್ಲಿ, ಅವಳ ಗಂಡನ ಮನೆಯಲ್ಲಿ ಆಯಿತು. ಬಸುರಿಯ ಪಕ್ಕದಲ್ಲಿ ಆ ಮನೆಯ ಹಿರಿಯ ಸೊಸೆಯನ್ನೂ ಕೂರಿಸಿ ಇಬ್ಬರಿಗೂ ಉಡಿ ತುಂಬಿದರು. ಹಿರಿಯ ಸೊಸೆಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹರಡಿದ ಸೆರಗಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕುತ್ತಾ ಅವರ ಅತ್ತೆ ನಕ್ಕರು: "ಮೊದಲನೇ ಕೂಸು ದೊಡ್ಡಾಕಿ ಉಡಿಗಿ, ಎರಡನೇದು ಸಣ್ಣಾಕಿ ಉಡಿಗಿ. ಏನಂತೀಯವಾ?"

ನಮ್ಮ ಹುಡುಗಿ ನಾಚಿ ನಕ್ಕಳು. ಹಾಡುತ್ತಿದ್ದ ಹೆಂಗಸರೂ ನಕ್ಕರು. ಗಂಡ ಸತ್ತವರಿಗೆ ಉಡಿ ತುಂಬುವುದಿಲ್ಲ, ತುಂಬಲು ಕರೆಯುವುದೂ ಇಲ್ಲ. ಹಾಗಾಗಿ ನಾನು ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆ ಬುಟ್ಟಿ ಹಿಡಿದು ನಿಂತಿದ್ದೆ. ನಾನೂ ನಕ್ಕೆ.

ತಿಂಗಳೊಪ್ಪತ್ತಿನಲ್ಲಿ ಹುಡುಗಿಯ ಗಂಡ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ತೀರಿಕೊಂಡ. ಅವಳು ರಾಯಬಾಗದ ತವರಿನಲ್ಲಿ ಹೆಣ್ಣುಮಗುವನ್ನು ಹಡೆದಳು. ಬಾಣಂತನ ಮುಗಿಯುವಷ್ಟರಲ್ಲಿ ಜುಗೂಳದಿಂದ ಹೇಳಿಕೆ ಬಂತು: "ಕುಬಸದಾಗ ಮಾತಾಗೇತಿ. ಕೂಸಿನ್ನ ದೊಡ್ಡಾಕಿಗಿ ದತ್ತಕ ಕೊಡೂನು."

ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ನಿರಾಳವಾಗುತ್ತಿದ್ದೆ. ಅವರು ಕೆಟ್ಟವರಲ್ಲ. ಹೆಣ್ಣು ಎಂದು ಒಬ್ಬರೂ ಮುಖ ಗಂಟಿಕ್ಕಲಿಲ್ಲ, ತೊಟ್ಟಿಲು ಕಳಿಸಿದ್ದರು. ಹುಡುಗಿಯ ಅಪ್ಪ, ನನ್ನ ಭಾವನೂ ಒಪ್ಪಿಕೊಂಡು ಕೂತ. "ಹುಡುಗಿಗಿ ಇನ್ನೂ ವಯಸ್ಸೈತಿ. ನಾಳೆ ಮತ್ತೊಂದು ಮನಿ ನೋಡಬೇಕು. ಕೂಸು ಅವರ ಮನ್ಯಾಗ ಸುಖದಾಗ ಇರ್ತೈತಿ" ಎಂದ. ಎಲ್ಲರೂ ಹುಡುಗಿಯ ಒಳ್ಳೆಯದನ್ನೇ ಬಯಸಿದರು, ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳು ಎದೆಹಾಲು ಕುಡಿಸುತ್ತಾ ಗೋಡೆ ನೋಡುತ್ತಿದ್ದಳು.

ಕೂಸಿಗೆ ಬಳೆ ಇಡಿಸುತ್ತೇನೆಂದು ಸುಳ್ಳು ಹೇಳಿ ತಾಯಿ ಮಗಳನ್ನು ಚಿಕ್ಕೋಡಿಗೆ ಕರೆತಂದೆ. ಅಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ನನ್ನಲ್ಲಿ ಬ್ಲೌಸ್ ಹೊಲಿಸುವ ವಕೀಲರೊಬ್ಬರ ಮನೆಗೆ ಹೋದೆವು. ವಕೀಲರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಆಕಿಗೆ ಕೊಡೋ ಮನಸ್ಸಿಲ್ರಿ, ಆಕಿ ಅಂಜ್ಯಾಳ್ರಿ, ಆಕಿ ಹಂಗ ಹಿಂಗ. ಕಡೆಗೆ ಅವರು ಬೆರಳು ಎತ್ತಿದರು.

"ಸ್ವಲ್ಪ ಸುಮ್ಮನಿರ್ರಿ ಬಾಯಿಯವರ. ನಾ ಕೇಳಾಕತ್ತಿದ್ದು ನಿಮ್ಮನ್ನಲ್ಲ."

ನನಗೆ ಸಿಟ್ಟು ಬಂತು. ಇನ್ನು ಇವರ ಬ್ಲೌಸಿನ ತೋಳು ಬಿಗಿಯಾಗಿಯೇ ಹೊಲಿಯುತ್ತೇನೆ ಅಂದುಕೊಂಡೆ. ಹುಡುಗಿ "ನನಗ ತಿಳೀವಲ್ತ್ರಿ" ಎಂದಳು.

"ತಿಳಿಯೂತನಕ ಕೊಡಬ್ಯಾಡ್ರಿ" ಎಂದರು ವಕೀಲರು. "ಕೂಸಿನ ತಂದಿ ಇಲ್ಲ, ಕೊಡೋ ಹಕ್ಕು ನಿಮಗೊಬ್ಬರಿಗೇ. ಅತ್ತಿಗಿಲ್ಲ, ಮಾವಗಿಲ್ಲ, ನಿಮ್ಮ ಅಪ್ಪಗೂ ಇಲ್ಲ. ಹುಟ್ಟೂಕಿಂತ ಮೊದಲ ಆಡಿದ ಮಾತಿಗೆ ನೀವು ಕಟ್ಟುಬಿದ್ದಿಲ್ಲ. ಮನಸಾರೆ ಕೊಡ್ತೀನಿ ಅಂದ್ರ ಅದೂ ನಿಮ್ಮ ಹಕ್ಕ. ಆದ್ರ ಒಮ್ಮೆ ಕಾಯ್ದೆ ಪ್ರಕಾರ ಕೊಟ್ರ ಮತ್ತ ತಿರುಗಿ ಇಸ್ಕೊಳ್ಳಾಕ ಬರೂದಿಲ್ಲ."

ಹುಡುಗಿ ತಲೆಯಾಡಿಸಿದಳು. ಕೂಸಿಗೆ ಬಳೆ ಇಡಿಸದೆಯೇ ರಾಯಬಾಗದ ಬಸ್ಸು ಹತ್ತಿದಳು.

ಹಿರಿಯರು ದಿನ ಗೊತ್ತುಮಾಡಿಯೇ ಬಿಟ್ಟರು. ಜುಗೂಳಕ್ಕೆ ಹೋಗುವ ದಾರಿಯುದ್ದಕ್ಕೂ "ಏನ್ ಹೇಳ್ತಿ?" ಎಂದು ಅವಳ ಜೀವ ತಿಂದೆ. "ಅಲ್ಲಿ ಹ್ವಾದಮ್ಯಾಲ ನೋಡ್ತೀನಿ ಚಿಗವ್ವ" ಎಂದಷ್ಟೇ ಹೇಳಿದಳು.

ಪಡಸಾಲೆಯಲ್ಲಿ ಹಿರಿಯ ಸೊಸೆ ಹೊಸ ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಉಡಿಗೆ ಆಗಲೇ ಅಕ್ಕಿ ಹಾಕಿದ್ದರು. ಅದರ ಮೇಲೆ ಕೂಸನ್ನು ಇಟ್ಟರೆ ಮುಗಿಯಿತು. ಹುಡುಗಿ ಕೂಸನ್ನು ಎತ್ತಿಕೊಂಡು ಎದುರಿಗೆ ನಿಂತಳು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಪದ್ಧತಿಯಂತೆ ಕೇಳಿದರು: "ಕೂಸಿನ್ನ ಕೊಡ್ತೀಯೇನವಾ?"

"ಕೊಡ್ತಾಳ್ರಿ" ಎಂದರು ಅತ್ತೆ. "ಹೌದ್ರಿ, ಮಾತಾಗೇತಲ್ಲ" ಎಂದ ನನ್ನ ಭಾವ. ಕೊಡೂದಿಲ್ಲ ಎಂದು ಕೂಗಲು ನನ್ನ ನಾಲಿಗೆ ತುರಿಸುತ್ತಿತ್ತು. ವಕೀಲರ ಬೆರಳು ಕಣ್ಣಮುಂದೆ ಬಂದು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಆಗ ಹಿರಿಯ ಸೊಸೆ ತಲೆ ಎತ್ತಿದಳು. "ಯಾರೂ ಮಾತಾಡಬ್ಯಾಡ್ರಿ. ಆಕಿ ಹೇಳ್ಲಿ" ಎಂದಳು.

ಹುಡುಗಿ ಕೂಸನ್ನು ಎದೆಗೆ ಅವಚಿಕೊಂಡಳು. "ನನಗ ಕೊಡಾಕ ಆಗೂದಿಲ್ಲಕ್ಕ" ಎಂದಳು. "ನಾ ಅವತ್ತ ನಕ್ಕಿದ್ದೆ. ಹೂಂ ಅಂದಿರ್ಲಿಲ್ಲ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಭಾವ ತಲೆ ಮೇಲೆ ಕೈ ಹೊತ್ತ. ಹಿರಿಯ ಸೊಸೆ ಮಾತ್ರ ತೆರೆದ ಉಡಿಯನ್ನೇ ನೋಡುತ್ತಾ ಕೂತಿದ್ದಳು. ಆ ಹೊತ್ತಿಗೆ ನನಗೆ ಅವಳ ಮೇಲೆ ಬಂದಷ್ಟು ಕರುಣೆ ನನ್ನ ಹುಡುಗಿಯ ಮೇಲೂ ಬಂದಿರಲಿಲ್ಲ. ಆಮೇಲೆ ಅವಳು ಅಕ್ಕಿ ಚೆಲ್ಲದಂತೆ ಸೆರಗು ಕೂಡಿಸಿ ಹಿಡಿದು ಎದ್ದು ಬಂದಳು.

"ಸೆರಗ ಒಡ್ಡ" ಎಂದಳು ಹುಡುಗಿಗೆ.

"ಏ, ಗಂಡ ಸತ್ತಾಕಿಗಿ ಉಡಿ ತುಂಬಾಕ ಬರೂದಿಲ್ಲವಾ!" ಎಂದು ಯಾರೋ ಮುದುಕಿ ಗಾಬರಿಯಾದಳು.

"ಕೂಸಿನ ತಾಯಿ ಅದಾಳ. ಬರ್ತೈತಿ" ಎಂದಳು ಹಿರಿಯ ಸೊಸೆ.

ಹುಡುಗಿಯ ಎರಡೂ ಕೈಯಲ್ಲಿ ಕೂಸಿತ್ತು. ನಾನೇ ಮುಂದೆ ಹೋಗಿ ಅವಳ ಸೆರಗು ಬಿಡಿಸಿ ಹಿಡಿದೆ. ನನ್ನನ್ನೂ ಯಾರೂ ತಡೆಯಲಿಲ್ಲ. ಅಕ್ಕಿಯೆಲ್ಲ ಸುರಿದ ಮೇಲೆ ಹಿರಿಯ ಸೊಸೆ ಬರಿದಾದ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಂದ್ ಗಳಿಗಿ ಎತ್ತಿಕೊಳ್ಳಾಕರೆ ಕೊಡ್ತೀಯೇನ?" ಎಂದು ಕೇಳಿದಳು.

ಈ ಸಲ ಹುಡುಗಿ ನಗಲಿಲ್ಲ. "ಹೂಂ" ಅಂದಳು.